ಮದುವೆ ವಿಡಿಯೋದ ಹಾರ್ಡ್‌ಡಿಸ್ಕ್ ಟಿವಿಯಲ್ಲಿ ಓಡುತ್ತಿಲ್ಲ, ಹೊಸ ಪೆಟ್ಟಿಗೆ ಕೊಳ್ಳಬೇಕಾ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಕಳೆದ ವರ್ಷ ಮಗಳ ಮದುವೆ ಆಯಿತು. ಸ್ಟುಡಿಯೋದವರು ವಿಡಿಯೋ, ಫೋಟೋ ಎಲ್ಲವನ್ನೂ 1 ಟಿಬಿಯ ಪೋರ್ಟಬಲ್ ಹಾರ್ಡ್‌ಡಿಸ್ಕ್‌ಗೆ ಹಾಕಿ ಕೊಟ್ಟರು. ಮಾವನವರ ಹತ್ತಿರ ಇದ್ದ ಯಕ್ಷಗಾನದ ರೆಕಾರ್ಡಿಂಗ್‌ಗಳನ್ನೂ ನಾವು ಅದಕ್ಕೇ ಸೇರಿಸಿದೆವು. ಕಂಪ್ಯೂಟರ್‌ನಲ್ಲಿ ಎಲ್ಲವೂ ಓಡುತ್ತದೆ. ಆದರೆ 2020ರಲ್ಲಿ ತಗೊಂಡ ಆಂಡ್ರಾಯ್ಡ್ ಟಿವಿಗೆ ಹಾಕಿದರೆ ಒಂದು ಯುಎಸ್‌ಬಿ ಪೋರ್ಟ್‌ನಲ್ಲಿ ಬರೀ ಟಕ್ ಟಕ್ ಸದ್ದು. ಇನ್ನೊಂದರಲ್ಲಿ ‘ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ಪೆನ್‌ಡ್ರೈವ್‌ಗೆ ಹಾಕಿದರೆ ಕೆಲವು ಯಕ್ಷಗಾನದ ಆಟಗಳು ಚೆನ್ನಾಗಿ ಓಡುತ್ತವೆ, ಕೆಲವಕ್ಕೆ ದನಿ ಇಲ್ಲ. ಮದುವೆ ವಿಡಿಯೋ ಪೆನ್‌ಡ್ರೈವ್‌ಗೆ ಕಾಪಿಯೇ ಆಗುವುದಿಲ್ಲ, ಫೈಲ್ ತುಂಬಾ ದೊಡ್ಡದು ಎಂದು ಬರುತ್ತದೆ. ಮಾವನವರಿಗೆ 82 ವರ್ಷ, ಕಿವಿ ಸ್ವಲ್ಪ ಮಂದ. ಅವರಿಗಾಗಿ ಒಂದು ಪ್ರಸಂಗದ ಪದ್ಯಗಳನ್ನು ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಸಬ್‌ಟೈಟಲ್ ಮಾಡಿದ್ದೆ. ಟಿವಿಯಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅಂಗಡಿಯವರು ‘ಮೀಡಿಯಾ ಪ್ಲೇಯರ್ ಹಾರ್ಡ್‌ಡಿಸ್ಕ್ ಅಂತ ಬರುತ್ತೆ, ಅದನ್ನೇ ತಗೊಳ್ಳಿ’ ಎನ್ನುತ್ತಾರೆ. ತಗೊಳ್ಳಬೇಕಾ?

ಉತ್ತರ: ಬೇಡ. ನಿಮ್ಮ ಡಿಸ್ಕ್ ಚೆನ್ನಾಗಿಯೇ ಇದೆ, ಟಿವಿಯೂ ಕೆಟ್ಟಿಲ್ಲ. ನೀವು ಬರೆದಿರುವುದರಲ್ಲಿ ನಾಲ್ಕೈದು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕೂತಿವೆ. ಒಟ್ಟಾಗಿ ನೋಡಿದಾಗ ಟಿವಿಗೆ ಈ ಕೆಲಸವೇ ಬಾರದು ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಪ್ರತಿಯೊಂದಕ್ಕೂ ಮನೆಯಲ್ಲೇ ಮಾಡಬಹುದಾದ ಪರಿಹಾರ ಇದೆ.

ಆದರೆ ಅದಕ್ಕೂ ಮೊದಲು ಒಂದು ಮಾತು. ಟಿವಿ ‘ಫಾರ್ಮ್ಯಾಟ್ ಮಾಡಬೇಕು’ ಎಂದಾಗ ದಯವಿಟ್ಟು ಸರಿ ಎಂದು ಒತ್ತಬೇಡಿ. ಮನೆಯಲ್ಲಿ ರಿಮೋಟ್ ಹಿಡಿಯುವ ಪ್ರತಿಯೊಬ್ಬರಿಗೂ, ಮಕ್ಕಳಿಗೂ, ಇದನ್ನು ಹೇಳಿಡಿ. ಆಂಡ್ರಾಯ್ಡ್ ಟಿವಿಗಳು ಡಿಸ್ಕ್ ಕಂಡ ಕೂಡಲೇ ಇದನ್ನು ಟಿವಿಯ ಸ್ವಂತ ಸ್ಟೋರೇಜ್ ಆಗಿ ಬಳಸಲೇ ಎಂದೂ ಕೇಳುತ್ತವೆ. ಅದಕ್ಕೆ ಒಪ್ಪಿದರೆ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ಆಮೇಲೆ ಅದು ಆ ಒಂದು ಟಿವಿ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ. ಕಾರ್ಯಕ್ರಮ ರೆಕಾರ್ಡ್ ಮಾಡುವ ಸೌಲಭ್ಯವಿರುವ ಕೆಲವು ಸೆಟ್‌ಟಾಪ್ ಬಾಕ್ಸ್‌ಗಳೂ ಹೀಗೆಯೇ ಮಾಡುತ್ತವೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ನಮ್ಮ ಅಜ್ಜಿ ಹಾಡಿದ ಹಸೆ ಹಾಡುಗಳ ವಿಡಿಯೋ ತೋರಿಸಲು ಡಿಸ್ಕ್ ಹಾಕಿದೆ. ಪರದೆಯ ಮೇಲೆ ಏನೋ ಪ್ರಶ್ನೆ ಬಂತು. ಎಲ್ಲರೂ ಕಾಯುತ್ತಿದ್ದರು, ಸರಿಯಾಗಿ ಓದದೆ ಸರಿ ಎಂದು ಒತ್ತಿದೆ. ಅಜ್ಜಿ ಆಗಲೇ ತೀರಿಕೊಂಡಿದ್ದರು. ಕಳೆದ ಫೈಲ್ ಹುಡುಕುವ ಸಾಫ್ಟ್‌ವೇರ್ ಹಾಕಿ ವಾರಗಟ್ಟಲೆ ಕೂತೆ. ಕೆಲವು ಸಿಕ್ಕವು. ಇನ್ನು ಕೆಲವು ಹಾಡುಗಳು ಅರ್ಧಕ್ಕೇ ನಿಲ್ಲುತ್ತವೆ. ಆ ಡಿಸ್ಕ್‌ಗೆ ಇನ್ನೊಂದು ಪ್ರತಿ ಇರಲಿಲ್ಲ.

ಹಾಗಾಗಿ ಅಂಗಡಿಯಲ್ಲಿ ಏನಾದರೂ ಕೊಳ್ಳಲೇಬೇಕು ಎಂದಿದ್ದರೆ ಮೀಡಿಯಾ ಪ್ಲೇಯರ್ ಅಲ್ಲ, ಇನ್ನೊಂದು ಸಾದಾ ಪೋರ್ಟಬಲ್ ಹಾರ್ಡ್‌ಡಿಸ್ಕ್ ಕೊಳ್ಳಿ. ಮುಂದೆ ಹೇಳುವ ಪೆನ್‌ಡ್ರೈವ್ ಪರೀಕ್ಷೆ ಮುಗಿಸಿಕೊಂಡು ಸ್ಟುಡಿಯೋ ಡಿಸ್ಕ್‌ನಲ್ಲಿರುವುದನ್ನೆಲ್ಲ ಅದಕ್ಕೆ ಕಾಪಿ ಮಾಡಿ. ಕಂಪ್ಯೂಟರ್‌ನ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್‌ನಿಂದ ಮಾಡಿದರೆ ತುಂಬಿದ 1 ಟಿಬಿಗೆ ಸುಮಾರು ಮೂರು ಗಂಟೆ ಸಾಕು. ಹಳೆಯ ಯುಎಸ್‌ಬಿ 2 ಆದರೆ ಎಂಟು ಹತ್ತು ಗಂಟೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಇನ್ನು ಮುಂದೆ ಟಿವಿಗೆ ಹೋಗುವುದು ಈ ಹೊಸ ಡಿಸ್ಕ್ ಮಾತ್ರ. ಸ್ಟುಡಿಯೋ ಕೊಟ್ಟದ್ದು ಬೀರುವಿಗೆ ಹೋಗಲಿ. ಮಲೆನಾಡಿನ ಮಳೆಗಾಲ ನಿಮಗೆ ನಾನು ಹೇಳಬೇಕಾಗಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಆರು ತಿಂಗಳಿಗೊಮ್ಮೆ ತೆಗೆದು ಕಂಪ್ಯೂಟರ್‌ಗೆ ಹಾಕಿ ನೋಡಿ. ಬೆಂಗಳೂರಲ್ಲೋ ಬೇರೆ ಊರಲ್ಲೋ ಮಗಳ ಮನೆ ಇದ್ದರೆ ಇನ್ನೊಂದು ಪ್ರತಿ ಅಲ್ಲಿರಲಿ. ಟಿವಿಯಲ್ಲಿ ಬರೀ ನೋಡುವುದಕ್ಕೆ ಇಷ್ಟೆಲ್ಲ ಯಾಕೆ ಎನ್ನಬಹುದು. ಆಂಡ್ರಾಯ್ಡ್ ಟಿವಿ ಡಿಸ್ಕ್ ಕಂಡೊಡನೆ ತನ್ನದೇ ಒಂದೆರಡು ಫೋಲ್ಡರ್ ಬರೆದುಬಿಡುವುದುಂಟು. ಬರೆಯುತ್ತಿರುವಾಗ ಕರೆಂಟ್ ಹೋದರೆ, ಅಥವಾ ಯಾರಾದರೂ ಕೇಬಲ್ ಎಳೆದರೆ, ಪೂರ್ತಿ ಡಿಸ್ಕ್ ಓದಲು ಬಾರದ ಹಾಗೆ ಆಗುವುದನ್ನು ನೋಡಿದ್ದೇನೆ.

ಈಗ ಅಂಗಡಿಯವರು ಹೇಳಿದ ಪೆಟ್ಟಿಗೆಯ ವಿಷಯ. ಅವರು ಸುಳ್ಳು ಹೇಳಿಲ್ಲ, ಅಂಥದ್ದು ನಿಜವಾಗಿ ಇತ್ತು. ಟಿವಿಗಳಿಗೆ ವಿಡಿಯೋ ಫೈಲ್ ಓದಲು ಬಾರದ ಕಾಲದಲ್ಲಿ ಅದು ತುಂಬಾ ಉಪಕಾರದ ವಸ್ತು. ಐಯೋಮೆಗಾದ ಸ್ಕ್ರೀನ್‌ಪ್ಲೇ ಎಂಬ ಪೆಟ್ಟಿಗೆಯ ಕೆಲವು ಮಾದರಿಗಳಲ್ಲಿ ಹಾರ್ಡ್‌ಡಿಸ್ಕ್ ಒಳಗೇ ಇರುತ್ತಿತ್ತು. ಟಿವಿಗೆ ಸಿಕ್ಕಿಸಿ ರಿಮೋಟ್ ಒತ್ತಿದರೆ ಆಯಿತು. 2008ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ಡಬ್ಲ್ಯೂಡಿ ಟಿವಿ ಎಂಬ ಅಂಗೈಯಗಲದ ಡಬ್ಬಿ ತಂದಿತು. ನಮ್ಮದೇ ಪೋರ್ಟಬಲ್ ಡಿಸ್ಕ್ ಅದಕ್ಕೆ ಸಿಕ್ಕಿಸಿದರೆ ಎಚ್‌ಡಿಎಂಐ ಮೂಲಕ ಟಿವಿಯಲ್ಲಿ ಚಿತ್ರ ಬರುತ್ತಿತ್ತು. ನಾನೂ ಅದನ್ನು ಪ್ರೀತಿಯಿಂದ ಬಳಸಿದವನೇ. ಆದರೆ ಆ ಪೆಟ್ಟಿಗೆಯೊಳಗೆ ಇದ್ದ ಚಿಪ್‌ನ ಕೆಲಸವನ್ನು ಟಿವಿಯೇ ಮಾಡಲು ಶುರು ಮಾಡಿದ ಮೇಲೆ ಅವುಗಳ ಬೇಡಿಕೆ ಮುಗಿಯಿತು. ಈಗ ಸಿಗುವುದು ಹೆಚ್ಚಾಗಿ ಹಳೆಯ ದಾಸ್ತಾನು ಅಥವಾ ಬಳಸಿ ಬಿಟ್ಟದ್ದು. ಇಂದಿನ ಮೊಬೈಲ್‌ಗಳು ವಿಡಿಯೋ ತೆಗೆಯುವ ಎಚ್‌ಇವಿಸಿ ಎಂಬ ವಿಧಾನ ಬಂದದ್ದು 2013ರಲ್ಲಿ. ಅದಕ್ಕೂ ಮೊದಲು ಮಾಡಿದ ಪೆಟ್ಟಿಗೆಗೆ ಅದರ ಪರಿಚಯವೇ ಇರುವುದಿಲ್ಲ. ನಿಮ್ಮ ಟಿವಿಯೇ ಅದಕ್ಕಿಂತ ಜಾಸ್ತಿ ಬಲ್ಲದು.

ಟಕ್ ಟಕ್ ಸದ್ದಿಗೆ ಬರೋಣ. ಅದು ವಿದ್ಯುತ್ ಸಾಲದ ಸದ್ದು. ಪೋರ್ಟಬಲ್ ಡಿಸ್ಕ್‌ನೊಳಗೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುವ ತಟ್ಟೆ ಇದೆ. ನಿಂತ ತಟ್ಟೆಯನ್ನು ತಿರುಗಿಸಲು ಶುರುವಿನ ಕೆಲವು ಸೆಕೆಂಡ್ ಹೆಚ್ಚು ಕರೆಂಟ್ ಬೇಕು, ಕೆಲವು ಡಿಸ್ಕ್‌ಗಳಿಗೆ 1 ಆಂಪಿಯರ್ ಹತ್ತಿರ. ಯುಎಸ್‌ಬಿ 2 ಪೋರ್ಟ್ ಕೊಡುತ್ತೇನೆ ಎಂದು ಒಪ್ಪಿರುವುದು 0.5 ಆಂಪಿಯರ್ ಮಾತ್ರ. ಯುಎಸ್‌ಬಿ 3 ಆದರೆ 0.9. ಡಿಸ್ಕ್ ತಿರುಗಲು ಹೋಗುತ್ತದೆ, ಆಗುವುದಿಲ್ಲ, ಮತ್ತೆ ಹೋಗುತ್ತದೆ. ಟಿವಿಯ ಹಿಂದೆ ಟಾರ್ಚ್ ಹಾಕಿ ನೋಡಿ. ಪೋರ್ಟ್‌ಗಳ ಪಕ್ಕ ಸಣ್ಣ ಅಕ್ಷರದಲ್ಲಿ 5ವಿ 0.5ಎ, 5ವಿ 1ಎ ಎಂದೋ ಎಚ್‌ಡಿಡಿ ಎಂದೋ ಬರೆದಿರುವುದುಂಟು. ಎಚ್‌ಡಿಡಿ ಅಥವಾ 1ಎ ಎಂದಿದ್ದರೆ ಅದೇ ಡಿಸ್ಕ್‌ನ ಜಾಗ. ನಿಮ್ಮ ಎರಡನೇ ಪೋರ್ಟ್‌ನಲ್ಲಿ ಡಿಸ್ಕ್ ಕಂಡು ಟಿವಿ ಪ್ರಶ್ನೆ ಕೇಳುತ್ತಿದೆ ಎಂದರೆ ಅಲ್ಲಿ ಕರೆಂಟ್ ಸಾಕಾಗುತ್ತಿದೆ. ಮೊದಲನೆಯದರಲ್ಲಿ ಮತ್ತೆ ಹಾಕಬೇಡಿ. ಹೀಗೆ ಅರ್ಧಂಬರ್ಧ ತಿರುಗುವುದು ಡಿಸ್ಕ್‌ಗೆ ಒಳ್ಳೆಯದಲ್ಲ. ಎರಡನೆಯದರಲ್ಲೂ ಮಧ್ಯೆ ಮಧ್ಯೆ ನಿಂತರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದು ತಂದು ನಡುವೆ ಹಾಕಿ. ಉದ್ದದ ಎಕ್ಸ್‌ಟೆನ್ಶನ್ ಕೇಬಲ್ ಬೇಡ, ಡಿಸ್ಕ್ ಜೊತೆ ಬಂದ ಗಿಡ್ಡ ಕೇಬಲ್ಲೇ ಒಳ್ಳೆಯದು. ಇದೇ ಸದ್ದು ಕಂಪ್ಯೂಟರ್‌ನಲ್ಲೂ ಬಂದರೆ ಮಾತ್ರ ಡಿಸ್ಕ್ ಸಾಯುತ್ತಿದೆ ಎಂದರ್ಥ. ಆಗ ಉಳಿದೆಲ್ಲ ಬಿಟ್ಟು ಮೊದಲು ಕಾಪಿ ಮಾಡಿ.

ಇನ್ನು ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಮಾತು. ಅಡಿಕೆ ಮಂಡಿಯ ಉಗ್ರಾಣ ನೆನಪು ಮಾಡಿಕೊಳ್ಳಿ. ಮೂಟೆಗಳಿರುತ್ತವೆ, ಯಾವ ಮೂಟೆ ಎಲ್ಲಿದೆ ಎಂದು ಬರೆದ ಲೆಕ್ಕದ ಪುಸ್ತಕವೂ ಇರುತ್ತದೆ. ಆ ಪುಸ್ತಕ ನಿಮಗೆ ಬಾರದ ಲಿಪಿಯಲ್ಲಿದ್ದರೆ ಉಗ್ರಾಣ ತುಂಬಿದ್ದರೂ ಒಂದು ಮೂಟೆಯೂ ಸಿಗುವುದಿಲ್ಲ. ಡಿಸ್ಕ್‌ನಲ್ಲೂ ಹೀಗೆಯೇ ಒಂದು ಲೆಕ್ಕದ ಪುಸ್ತಕ ಇರುತ್ತದೆ. ಅದನ್ನು ಬರೆಯುವ ಪದ್ಧತಿಗೆ ಫೈಲ್ ಸಿಸ್ಟಮ್ ಎನ್ನುತ್ತಾರೆ. ಟಿವಿ ಹೇಳುತ್ತಿರುವುದು ಡಿಸ್ಕ್ ಖಾಲಿ ಎಂದಲ್ಲ, ಈ ಪುಸ್ತಕ ಓದಲು ನನಗೆ ಬಾರದು ಎಂದು. ಪರಿಹಾರವಾಗಿ ಅದು ಸೂಚಿಸುವುದು ಪುಸ್ತಕ ಸುಟ್ಟು ಹೊಸದು ಬರೆಯೋಣ ಎಂದು. ಅದಕ್ಕೇ ನಾನು ಅಷ್ಟು ಹೆದರಿದ್ದು.

ನಿಮಗೆ ಎದುರಾಗುವ ಪದ್ಧತಿಗಳು ಮುಖ್ಯವಾಗಿ ಮೂರು. ಫ್ಯಾಟ್32 ಹಳೆಯದು, ಹೆಚ್ಚುಕಡಿಮೆ ಎಲ್ಲ ಟಿವಿಗೂ ಬರುತ್ತದೆ. ಆದರೆ ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಪೆನ್‌ಡ್ರೈವ್ ನಿಮ್ಮ ಮದುವೆ ವಿಡಿಯೋ ಬೇಡ ಎಂದದ್ದು ಇದಕ್ಕೇ. ಪೆನ್‌ಡ್ರೈವ್‌ನಲ್ಲಿ ಜಾಗ ಇತ್ತು ಅಲ್ವಾ? ಜಾಗದ ಪ್ರಶ್ನೆ ಅಲ್ಲ, ಲೆಕ್ಕದ ಪುಸ್ತಕದಲ್ಲಿ ಅಷ್ಟು ದೊಡ್ಡ ಅಂಕಿ ಬರೆಯಲು ಅಂಕಣ ಇಲ್ಲ. ರಾತ್ರಿಯಿಡೀ ನಡೆದ ಬಯಲಾಟವನ್ನು ಕ್ಯಾಮೆರಾ ಸಣ್ಣ ಸಣ್ಣ ತುಂಡು ಮಾಡಿ ಉಳಿಸಿರುತ್ತದೆ, ಭಾಗವತರ ಪದ್ಯ ನಡುವೆ ಕಡಿದು ಮುಂದಿನ ಫೈಲ್‌ಗೆ ಹೋಗುತ್ತದೆ. ಅದಕ್ಕೂ ಬಹಳ ಸಲ ಇದೇ ಕಾರಣ. 32 ಜಿಬಿವರೆಗಿನ ಮೆಮೊರಿ ಕಾರ್ಡ್‌ಗಳು ಬರುವುದೇ ಫ್ಯಾಟ್32ರಲ್ಲಿ.

ಎರಡನೆಯದು ಎಕ್ಸ್‌ಫ್ಯಾಟ್, 2006ರಲ್ಲಿ ಮೈಕ್ರೋಸಾಫ್ಟ್ ತಂದದ್ದು. ವಿಂಡೋಸ್, ಮ್ಯಾಕ್ ಎರಡರಲ್ಲೂ ಓದಬಹುದು, ಬರೆಯಬಹುದು. ಹಾಗಾಗಿ ಸ್ಟುಡಿಯೋದವರಿಗೆ ಇದು ಇಷ್ಟ. ನಿಮ್ಮ ಡಿಸ್ಕ್ ಇದರಲ್ಲೇ ಇರುವ ಸಾಧ್ಯತೆ ಹೆಚ್ಚು. ಬಹಳ ವರ್ಷ ಇದನ್ನು ತಮ್ಮ ಸಾಧನದಲ್ಲಿ ಸೇರಿಸಲು ಕಂಪನಿಗಳು ಮೈಕ್ರೋಸಾಫ್ಟ್‌ಗೆ ಲೈಸೆನ್ಸ್ ಹಣ ಕೊಡಬೇಕಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಇದರ ವಿವರವನ್ನು ಎಲ್ಲರಿಗೂ ತೆರೆದಿಟ್ಟಿತು. ಅಷ್ಟರೊಳಗೆ ತಯಾರಾದ ಎಷ್ಟೋ ಆಂಡ್ರಾಯ್ಡ್ ಟಿವಿಗಳು ಎಕ್ಸ್‌ಫ್ಯಾಟ್ ಇಲ್ಲದೆಯೇ ಮನೆ ಸೇರಿದ್ದವು. ಮೂರನೆಯದು ವಿಂಡೋಸ್‌ನ ಎನ್‌ಟಿಎಫ್‌ಎಸ್. ದೊಡ್ಡ ಫೈಲ್‌ಗೆ ತೊಂದರೆ ಇಲ್ಲ, ತುಂಬಾ ಟಿವಿಗಳು ಇದನ್ನು ಓದುತ್ತವೆ. ಆ್ಯಪಲ್ ಕಂಪ್ಯೂಟರ್‌ನ ಸ್ವಂತ ಪದ್ಧತಿಗಳನ್ನು ಟಿವಿಗಳು ಸಾಮಾನ್ಯವಾಗಿ ಓದುವುದಿಲ್ಲ. ನಿಮ್ಮ ವಿಂಡೋಸ್‌ನಲ್ಲಿ ಡಿಸ್ಕ್ ತೆರೆಯುತ್ತಿರುವುದರಿಂದ ಅದು ನಿಮ್ಮ ಸಮಸ್ಯೆ ಅಲ್ಲ ಎಂದುಕೊಳ್ಳುತ್ತೇನೆ.

ನಿಮ್ಮ ಟಿವಿಗೆ ಯಾವ ಲಿಪಿ ಬರುತ್ತದೆ ಎಂದು ಊಹೆ ಮಾಡುವ ಬದಲು ಪರೀಕ್ಷೆ ಮಾಡಿಬಿಡಿ. ಏನೂ ಮುಖ್ಯವಾದದ್ದು ಇಲ್ಲದ ಒಂದು ಪೆನ್‌ಡ್ರೈವ್ ತಗೊಳ್ಳಿ. ಕಂಪ್ಯೂಟರ್‌ನಲ್ಲಿ ಅದನ್ನು ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಮಾಡಿ. ಈಗಾಗಲೇ ಟಿವಿಯಲ್ಲಿ ಚೆನ್ನಾಗಿ ಓಡುವ ಒಂದು ಆಟವನ್ನು ಅದಕ್ಕೆ ಹಾಕಿ ನೋಡಿ. ಓಡಿದರೆ ಹೊಸ ಹಾರ್ಡ್‌ಡಿಸ್ಕ್ ಅನ್ನೂ ಎನ್‌ಟಿಎಫ್‌ಎಸ್ ಮಾಡಿ, ಆಮೇಲೆ ಕಾಪಿ ಶುರು ಮಾಡಿ. ಓಡದಿದ್ದರೆ ಎಕ್ಸ್‌ಫ್ಯಾಟ್‌ನಲ್ಲಿ ಇದೇ ಪರೀಕ್ಷೆ. ಎರಡೂ ಆಗದಿದ್ದರೆ ಫ್ಯಾಟ್32ಕ್ಕೆ ಬಂದು ವಿಡಿಯೋಗಳನ್ನು 4 ಜಿಬಿಯೊಳಗೆ ತರಬೇಕು. ಈ ಪರೀಕ್ಷೆ ಹತ್ತು ನಿಮಿಷದ ಕೆಲಸ, ಆದರೆ ಮುಂದಿನ ಎಷ್ಟೋ ಗಂಟೆ ಉಳಿಯುತ್ತದೆ. ಹೊಸ ಡಿಸ್ಕ್ 2 ಟಿಬಿಗಿಂತ ದೊಡ್ಡದು ಬೇಡ. ಅದಕ್ಕಿಂತ ದೊಡ್ಡ ಡಿಸ್ಕ್‌ಗಳು ವಿಭಾಗಗಳ ಪಟ್ಟಿಯನ್ನು ಜಿಪಿಟಿ ಎಂಬ ಹೊಸ ರೀತಿಯಲ್ಲಿ ಇಡಬೇಕಾಗುತ್ತದೆ. ಕೆಲವು ಟಿವಿಗಳಿಗೆ ಹಳೆಯ ಎಂಬಿಆರ್ ರೀತಿ ಮಾತ್ರ ಗೊತ್ತು. ಅಂದಹಾಗೆ 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಂಡರೆ ಮೋಸ ಹೋದೆವು ಎಂದುಕೊಳ್ಳಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಇಷ್ಟಾದರೆ ಡಿಸ್ಕ್ ತೆರೆಯುತ್ತದೆ, ಫೈಲ್‌ಗಳ ಹೆಸರು ಕಾಣುತ್ತವೆ. ಆದರೂ ಮದುವೆ ವಿಡಿಯೋ ಓಡದೇ ಇರಬಹುದು. ಅದಕ್ಕೆ ಈಗಲೇ ತಯಾರಾಗಿರಿ.

ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಡಬ್ಬಿಯ ಹೆಸರುಗಳು. ಡಬ್ಬಿಯೊಳಗೆ ಚಿತ್ರ ಬೇರೆ, ದನಿ ಬೇರೆ, ಸಬ್‌ಟೈಟಲ್ ಬೇರೆ ಇರುತ್ತವೆ. ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿದ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಒಂದೇ ಎಂಪಿ4 ಡಬ್ಬಿಯೊಳಗೆ ಟಿವಿಗೆ ಗೊತ್ತಿರುವ ಕೋಡೆಕ್ಕೂ ಇರಬಹುದು, ಗೊತ್ತಿಲ್ಲದ್ದೂ ಇರಬಹುದು. ಹಾಗಾಗಿ ಹೆಸರಿನ ಕೊನೆ ನೋಡಿ ಏನೂ ಹೇಳಲಾಗದು. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಪ್ಲೇಯರ್‌ನಿಂದ ವಿಡಿಯೋ ಓಡಿಸಿ, ಟೂಲ್ಸ್ ಪಟ್ಟಿಯಲ್ಲಿ ಕೋಡೆಕ್ ಇನ್‌ಫರ್ಮೇಶನ್ ಒತ್ತಿ. ಅಲ್ಲಿ ಎಚ್.264 ಎಂಬ ಕೋಡೆಕ್ಕಿನ ಹೆಸರಿದ್ದು, ಬಣ್ಣದ ವಿವರ ಎಷ್ಟು ಉಳಿಸಿದೆ ಎಂದು ಹೇಳುವ ಅಂಕಿ 4:2:0 ಆಗಿದ್ದು, ಪಕ್ಕದಲ್ಲಿ 10 ಬಿಟ್ ಎಂದು ಇಲ್ಲದಿದ್ದರೆ, ಅಂದರೆ 8 ಬಿಟ್ ಆಗಿದ್ದರೆ, ಟಿವಿ ಖುಷಿಯಿಂದ ಓಡಿಸುತ್ತದೆ. ಈಗಿನ ಸ್ಟುಡಿಯೋ ಕ್ಯಾಮೆರಾಗಳು 10 ಬಿಟ್, 4:2:2ರಲ್ಲಿ ತೆಗೆಯುತ್ತವೆ. ಬಣ್ಣ ತಿದ್ದಲು ಅದು ತುಂಬಾ ಒಳ್ಳೆಯದು. ಆದರೆ ಟಿವಿಯ ಚಿಪ್ ಅದನ್ನು ಬಿಡಿಸುವುದಿಲ್ಲ. ಕೆಲವು ಸ್ಟುಡಿಯೋಗಳು ಎಡಿಟಿಂಗ್‌ಗೆ ಬಳಸುವ ಆ್ಯಪಲ್ ಪ್ರೊರೆಸ್ ಫೈಲನ್ನೇ ಕೊಟ್ಟುಬಿಡುತ್ತವೆ. ಅದರ ಗಾತ್ರ ನೋಡಿದರೇ ಗೊತ್ತಾಗುತ್ತದೆ. ಫುಲ್ ಎಚ್‌ಡಿಯ ಒಂದು ಗಂಟೆಗೆ ಸುಮಾರು 55 ಜಿಬಿ.

ಹೀಗಿದ್ದರೆ ಸ್ಟುಡಿಯೋಗೆ ಫೋನ್ ಮಾಡಿ ಹೀಗೆ ಕೇಳಿ: ‘ಟಿವಿಯಲ್ಲಿ ನೋಡಲು ಒಂದು ಪ್ರತಿ ಬೇಕು. ಎಂಪಿ4, ಎಚ್.264, 8 ಬಿಟ್, 1080ಪಿ, ದನಿ ಎಎಸಿ, ಬಿಟ್‌ರೇಟ್ 15ರಿಂದ 20 ಎಂಬಿಪಿಎಸ್.’ ಈ ಒಂದು ಸಾಲು ಹೇಳಿದರೆ ಅವರಿಗೆ ಪೂರ್ತಿ ಅರ್ಥವಾಗುತ್ತದೆ. ಎಡಿಟ್ ಮಾಡಿದ ಫೈಲ್ ಇನ್ನೂ ಅವರ ಹತ್ತಿರ ಇದ್ದರೆ ಇನ್ನೊಮ್ಮೆ ತೆಗೆದುಕೊಡುವುದು ದೊಡ್ಡ ಕೆಲಸ ಅಲ್ಲ. ಅಳಿಸಿದ್ದರೆ ನೀವೇ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಮಾಡಬಹುದು. ಅದರಲ್ಲಿ ಎಚ್.264 ಆರಿಸಿ, ಗುಣಮಟ್ಟದ ಅಂಕಿ 20ರ ಹತ್ತಿರ ಇಡಿ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಒಂದು ಗಂಟೆಯ ವಿಡಿಯೋಗೆ ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದು. ಮಾಡಿದ ಮೇಲೆ ಮೂಲ ಫೈಲ್ ಅಳಿಸಬೇಡಿ, ಎಷ್ಟೇ ಜಾಗ ತಿಂದರೂ. ಹತ್ತು ವರ್ಷದ ನಂತರದ ಟಿವಿಗೆ ಅದರಿಂದಲೇ ಇನ್ನೂ ಚೆಂದದ ಪ್ರತಿ ಮಾಡಬಹುದು.

ಈ ವಾರವೇ ನೆಂಟರು ಬರುವವರಿದ್ದು ಅಷ್ಟೆಲ್ಲ ಪುರುಸೊತ್ತಿಲ್ಲ ಎಂದರೆ ಒಂದು ಎಚ್‌ಡಿಎಂಐ ಕೇಬಲ್ ತಂದು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ. ಲ್ಯಾಪ್‌ಟಾಪ್‌ನಲ್ಲಿ ಓಡುವುದೆಲ್ಲ ಟಿವಿಯಲ್ಲಿ ಬರುತ್ತದೆ. ವೈಫೈ ಮೂಲಕ ಕಂಪ್ಯೂಟರ್‌ನಿಂದ ಟಿವಿಗೆ ಕಳಿಸುವ ಜೆಲ್ಲಿಫಿನ್, ಪ್ಲೆಕ್ಸ್‌ನಂಥ ವ್ಯವಸ್ಥೆಗಳೂ ಇವೆ. ನಿಮ್ಮ ಮನೆಗೆ ಸದ್ಯಕ್ಕೆ ಅವು ಬೇಕಿಲ್ಲ.

ದನಿ ಬಾರದ ಆಟಗಳ ವಿಷಯ ಇದಕ್ಕಿಂತ ಸುಲಭ. ಚಿತ್ರದ ಕೋಡೆಕ್ ಟಿವಿಗೆ ಗೊತ್ತು, ದನಿಯದ್ದು ಗೊತ್ತಿಲ್ಲ, ಅಷ್ಟೇ. 2006ರ ನಂತರ ಬಂದ ಎವಿಸಿಎಚ್‌ಡಿ ಎಂಬ ಬಗೆಯ ಹ್ಯಾಂಡಿಕ್ಯಾಮ್‌ಗಳು ದನಿಯನ್ನು ಹೆಚ್ಚಾಗಿ ಡಾಲ್ಬಿ ಕಂಪನಿಯ ಎಸಿ3 ಎಂಬ ಕೋಡೆಕ್‌ನಲ್ಲಿ ಉಳಿಸುತ್ತಿದ್ದವು. ಮೇಳದ ಆಟಗಳನ್ನು ಆ ಕಾಲದಲ್ಲಿ ತುಂಬಾ ಜನ ಅದರಲ್ಲೇ ತೆಗೆದಿದ್ದಾರೆ. ಸಿನಿಮಾ ಫೈಲ್‌ಗಳಲ್ಲಿ ಇದೇ ತೊಂದರೆ ಡಿಟಿಎಸ್ ಎಂಬ ದನಿಯಿಂದ ಬರುತ್ತದೆ. ಸ್ಯಾಮ್‌ಸಂಗ್ 2018ರ ಮಾದರಿಗಳಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಕೈಬಿಟ್ಟು 2023ರಲ್ಲಿ ಕೆಲವು ಮಾದರಿಗಳಿಗೆ ಮತ್ತೆ ತಂದಿತು. ಅಂದರೆ ಹೊಸ ಟಿವಿ ತಂದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯೂ ಇಲ್ಲ.

ನಿಮ್ಮದು ಆಂಡ್ರಾಯ್ಡ್ ಟಿವಿ ಆಗಿರುವುದು ಇಲ್ಲಿ ಅನುಕೂಲವಾಯಿತು. ಪ್ಲೇ ಸ್ಟೋರ್‌ನಿಂದ ಟಿವಿಗೇ ವಿಎಲ್‌ಸಿ ಹಾಕಿಕೊಳ್ಳಿ, ಉಚಿತ. ಅದು ಟಿವಿಯ ಚಿಪ್‌ಗೆ ಕಾಯದೆ ದನಿಯನ್ನು ತಾನೇ ಬಿಡಿಸಿಕೊಳ್ಳುತ್ತದೆ. ಹೆಚ್ಚಿನ ಆಟಗಳಿಗೆ ಚಂಡೆ, ಮದ್ದಳೆ, ಭಾಗವತಿಕೆ ಎಲ್ಲ ವಾಪಸ್ ಬಂದುಬಿಡುತ್ತವೆ, ಫೈಲ್ ಮುಟ್ಟಬೇಕಾಗಿಯೂ ಇಲ್ಲ. ಆದರೂ ಬಾರದ ಒಂದೆರಡು ಉಳಿದರೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಿಂದ ದನಿಯನ್ನಷ್ಟೇ ಎಎಸಿಗೆ ಬದಲಿಸಬಹುದು. ಚಿತ್ರವನ್ನು ಇದ್ದ ಹಾಗೇ ಇಡುವುದರಿಂದ ಇಡೀ ಆಟಕ್ಕೆ ಕೆಲವೇ ನಿಮಿಷ ಸಾಕು. ಕಂಪ್ಯೂಟರ್ ಓದುವ ಮಕ್ಕಳು ಮನೆಯಲ್ಲೋ ನೆರೆಯಲ್ಲೋ ಇದ್ದರೆ ಅವರಿಗೆ ಈ ಹೆಸರು ಹೇಳಿ, ಗೊತ್ತಿರುತ್ತದೆ. ವಿಎಲ್‌ಸಿಯಿಂದ ಎಲ್ಲವೂ ಆಗುತ್ತದೆ ಎಂದುಕೊಳ್ಳಬೇಡಿ. ಡಿಸ್ಕ್‌ನ ಲೆಕ್ಕದ ಪುಸ್ತಕ ಓದುವುದು ಟಿವಿಯ ಕೆಲಸ, ವಿಎಲ್‌ಸಿಯದ್ದಲ್ಲ. 10 ಬಿಟ್‌ನ ಮದುವೆ ವಿಡಿಯೋ ಅದರಲ್ಲಿ ಶುರುವಾದರೂ ಟಿವಿಯ ಪುಟ್ಟ ಪ್ರೊಸೆಸರ್‌ಗೆ ಭಾರವಾಗಿ ತಡವರಿಸುತ್ತದೆ.

ಮಾವನವರ ಸಂಗ್ರಹದಲ್ಲಿ ಡಿವಿಡಿಗಳೂ ಇದ್ದರೆ ಅವನ್ನು ಮೊದಲು ಎತ್ತಿಕೊಳ್ಳಿ. ಮನೆಯಲ್ಲಿ ಬರೆದ ಡಿವಿಡಿಗಳಿಗೆ ಆಯುಷ್ಯ ಕಡಿಮೆ, ಮೇಲೆ ಬೂಷ್ಟು ಬೇರೆ. ಡಿವಿಡಿಯೊಳಗೆ ಆಟ 1 ಜಿಬಿಯ ವಿಒಬಿ ತುಂಡುಗಳಾಗಿರುತ್ತದೆ. ಸುಮ್ನೆ ಆ ತುಂಡುಗಳನ್ನು ಡಿಸ್ಕ್‌ಗೆ ಎಳೆದು ಹಾಕಿದರೆ ಟಿವಿಯಲ್ಲಿ ಪ್ರತಿ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಮೇಕ್‌ಎಂಕೆವಿ ಎಂಬ ಸಾಫ್ಟ್‌ವೇರ್ ಅಷ್ಟನ್ನೂ ಸೇರಿಸಿ ಒಂದೇ ಫೈಲ್ ಮಾಡುತ್ತದೆ, ಗುಣಮಟ್ಟ ಚೂರೂ ಕಮ್ಮಿ ಆಗುವುದಿಲ್ಲ. ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಲ್ಲಿ ಒಂದು ಸೆಕೆಂಡ್‌ಗೆ 25 ಚಿತ್ರ. ಪ್ರತಿ ಚಿತ್ರವೂ ಎರಡು ಅರ್ಧಗಳಾಗಿ, ಒಂದು ಸಾಲು ಬಿಟ್ಟು ಒಂದು ಸಾಲಿನಂತೆ, ಬೇರೆ ಬೇರೆ ಕ್ಷಣದಲ್ಲಿ ತೆಗೆದದ್ದು. ಅದಕ್ಕೇ ವೇಷ ಗಿರಕಿ ಹೊಡೆಯುವಾಗ ಹೊಸ ಟಿವಿಯಲ್ಲಿ ಕಿರೀಟದ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಕಾಣಬಹುದು. ಹ್ಯಾಂಡ್‌ಬ್ರೇಕ್‌ನಲ್ಲಿ ಡಿಇಂಟರ್‌ಲೇಸ್ ಎಂಬ ಫಿಲ್ಟರ್ ಇದೆ. ಅದರಲ್ಲಿ ಬಾಬ್ ಎಂಬ ಆಯ್ಕೆ ಹಾಕಿದರೆ ಎರಡು ಅರ್ಧಗಳೂ ಬೇರೆ ಬೇರೆ ಚಿತ್ರವಾಗಿ ಸೆಕೆಂಡ್‌ಗೆ 50 ಆಗುತ್ತವೆ. ಕುಣಿತ ಎಷ್ಟು ನಯವಾಗಿ ಕಾಣುತ್ತದೆ ಎಂದರೆ ಹಳೆಯ ಟಿವಿಯಲ್ಲಿ ನೋಡಿದ ನೆನಪೇ ಮರಳಿ ಬರುತ್ತದೆ. ಯಕ್ಷಗಾನಕ್ಕೆ ನಾನು ಇದನ್ನು ಬಿಟ್ಟು ಬೇರೆ ಏನನ್ನೂ ಬಳಸುವುದಿಲ್ಲ.

ಇನ್ನು ನಿಮ್ಮ ಸಬ್‌ಟೈಟಲ್. ಕಿವಿ ಮಂದವಾದ ಹಿರಿಯರಿಗೆ ಪದ್ಯ ಕಣ್ಣಿಗೆ ಕಾಣಲಿ ಎಂದು ಕೂತು ಟೈಪ್ ಮಾಡಿದಿರಲ್ಲ, ಅದನ್ನು ಓದಿ ನನಗೆ ತುಂಬಾ ಸಂತೋಷವಾಯಿತು. ಆ ಕೆಲಸ ವ್ಯರ್ಥವಾಗಿಲ್ಲ. ನುಡಿ, ಬರಹದ ಹಳೆಯ ರೀತಿಯ ಟೈಪಿಂಗ್‌ನಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಕನ್ನಡ ಅಕ್ಷರವನ್ನಲ್ಲ. ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್ ಅದು. ಆ ಫಾಂಟ್ ಇದ್ದಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಕೆಳಗಿರುವ ಇಂಗ್ಲಿಷ್ ಕಾಣುತ್ತದೆ. ಟಿವಿಯಲ್ಲಿ ಆ ಫಾಂಟ್ ಇಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಜಾಗ ಇದೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ನಿಮ್ಮ ಪಠ್ಯವನ್ನು ಅದಕ್ಕೆ ಹಾಕಿ ತೆಗೆಯಿರಿ. ಸಮಯ ಬರೆದಿರುವ ಸಾಲುಗಳ ಅಂಕಿ, ಬಾಣದ ಗುರುತು ಕೆಡದಂತೆ ನೋಡಿಕೊಳ್ಳಿ, ಪದ್ಯದ ಸಾಲುಗಳನ್ನು ಮಾತ್ರ ಬದಲಿಸುವುದು ಕ್ಷೇಮ. ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಪರಿವರ್ತಕಗಳು ಅಲ್ಲೇ ಎಡವುವುದು ಜಾಸ್ತಿ. ನಂತರ ನೋಟ್‌ಪ್ಯಾಡ್‌ನಲ್ಲಿ ಸೇವ್ ಆ್ಯಸ್ ಒತ್ತಿ, ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಆರಿಸಿ. ಸಬ್‌ಟೈಟಲ್ ಫೈಲಿನ ಹೆಸರು ವಿಡಿಯೋ ಫೈಲಿನ ಹೆಸರಿಗೆ ಅಕ್ಷರಶಃ ಒಂದೇ ಆಗಿರಲಿ, ಎರಡೂ ಒಂದೇ ಫೋಲ್ಡರ್‌ನಲ್ಲಿರಲಿ.

ಇಷ್ಟು ಮಾಡಿದ ಮೇಲೂ ಕೆಲವು ಟಿವಿ ಪ್ಲೇಯರ್‌ಗಳು ಕನ್ನಡದ ಬದಲು ಬರೀ ಚೌಕ ತೋರಿಸುತ್ತವೆ, ಅಥವಾ ಒತ್ತಕ್ಷರವನ್ನು ಕೆಳಗೆ ಇಡದೆ ಪಕ್ಕದಲ್ಲಿ ಬಿಡಿಸಿ ಇಡುತ್ತವೆ. ಹಾಗಾದರೆ ಹ್ಯಾಂಡ್‌ಬ್ರೇಕ್‌ನಲ್ಲಿ ಸಬ್‌ಟೈಟಲ್ ಸೇರಿಸಿ ಬರ್ನ್ ಇನ್ ಎಂಬ ಗುರುತು ಹಾಕಿ. ಪದ್ಯ ಚಿತ್ರದ ಮೇಲೇ ಅಚ್ಚಾಗುತ್ತದೆ, ಆಮೇಲೆ ಯಾವ ಟಿವಿಯ ಫಾಂಟಿನ ಹಂಗೂ ಇಲ್ಲ. ಇಡೀ ಆಟಕ್ಕೆ ಮಾಡುವ ಮೊದಲು ಒಂದು ನಿಮಿಷದ ತುಂಡು ಮಾಡಿ ಟಿವಿಯಲ್ಲಿ ನೋಡಿ. ಮಾವನವರನ್ನೇ ಎದುರು ಕೂರಿಸಿಕೊಂಡು ಅಕ್ಷರದ ಗಾತ್ರ ಸಾಕೇ ಎಂದು ಕೇಳಿ.

ಫೈಲ್‌ಗಳ ಹೆಸರಿನಲ್ಲೂ ಇದೇ ಎಚ್ಚರಿಕೆ. ಹೆಸರು ಕನ್ನಡದಲ್ಲಿದ್ದು ಟಿವಿಯಲ್ಲಿ ಚೌಕಗಳು ಕಂಡರೆ ಶುರುವಿನಲ್ಲಿ 01, 02 ಎಂದು ಅಂಕಿ ಹಾಕಿ. ಬರೀ 1, 2 ಎಂದರೆ ಕೆಲವು ಟಿವಿಗಳು 1ರ ನಂತರ 10ಕ್ಕೆ ಹಾರುತ್ತವೆ. ಯಾವ ಅಂಕಿಗೆ ಯಾವ ಪ್ರಸಂಗ ಎಂದು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ರಿಮೋಟ್ ಇಡುವಲ್ಲಿ ಅಂಟಿಸಿದರೆ ಅವರು ಯಾರನ್ನೂ ಕೇಳದೆ ತಾವೇ ಹಾಕಿಕೊಳ್ಳುತ್ತಾರೆ. ಡಿಸ್ಕ್ ತೆಗೆಯುವಾಗ ಮೊದಲು ಸೆಟ್ಟಿಂಗ್ಸ್‌ನಲ್ಲಿ ಇಜೆಕ್ಟ್ ಮಾಡಿ, ಕೈಗೆ ಹಿಡಿದಾಗ ಒಳಗಿನ ಅದುರು ನಿಂತಿದೆಯೇ ಎಂದು ನೋಡಿ ಎತ್ತಿಡಿ. ತಿರುಗುತ್ತಿರುವ ಡಿಸ್ಕ್ ಕೈಜಾರಿ ಬೀಳುವುದು ಅದಕ್ಕೆ ಎಲ್ಲಕ್ಕಿಂತ ದೊಡ್ಡ ಪೆಟ್ಟು.

ತಾಳಮದ್ದಳೆಯ ಕ್ಯಾಸೆಟ್‌ಗಳನ್ನೂ ಎಂಪಿ3 ಮಾಡಿಸಿದ್ದರೆ ಅವನ್ನು ಈ ಡಿಸ್ಕ್‌ಗೆ ಹಾಕಬೇಡಿ. ಬರೀ ದನಿಗಾಗಿ ಟಿವಿ ಉರಿಸುವುದೂ ಬೇಡ. 90 ನಿಮಿಷದ ಒಂದು ಕ್ಯಾಸೆಟ್ 128 ಕೆಬಿಪಿಎಸ್‌ನಲ್ಲಿ 86 ಎಂಬಿ ಚಿಲ್ಲರೆ ಆಗುತ್ತದೆ. ಫ್ಯಾಟ್32 ಮಾಡಿದ ಒಂದು 32 ಜಿಬಿ ಪೆನ್‌ಡ್ರೈವ್‌ನಲ್ಲಿ 300ಕ್ಕೂ ಹೆಚ್ಚು ಕ್ಯಾಸೆಟ್ ಹಿಡಿಸುತ್ತವೆ. ಯುಎಸ್‌ಬಿ ಇರುವ ಒಂದು ಸಣ್ಣ ಸ್ಪೀಕರ್‌ಗೆ ಅದನ್ನು ಸಿಕ್ಕಿಸಿ ಅವರ ಮಂಚದ ಪಕ್ಕ ಇಟ್ಟುಬಿಡಿ.